ಬಂಡೆಯ ಮೊದಲ ಮಾತು

ಬ್ರಹ್ಮಗಿರಿಯ ಅಶೋಕನ ಬಂಡೆ ಧರ್ಮ ಹೇಳುವ ಮೊದಲು ಆರೋಗ್ಯ ವಿಚಾರಿಸುತ್ತದೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ, ಇಸಿಲದ, ಅಂದರೆ ಅಂದಿನ ಈ ಊರಿನ, ಅಧಿಕಾರಿಗಳನ್ನು ಕ್ಷೇಮವೇ ಎಂದು ಕೇಳಿದ ಮೇಲೆಯೇ ಮುಂದಿನ ಮಾತು. ಬಂಡೆ ಮೊಳಕಾಲ್ಮೂರಿನ ಪಕ್ಕದಲ್ಲೇ ಇದ್ದರೂ ಸುತ್ತಲಿನ ನಮಗಿದು ಗೊತ್ತಿಲ್ಲ.

ಚಿನ್ನಯ್ಯನಿಗೆ ಗೊತ್ತು. ಹದಿನೆಂಟು ವರ್ಷದಿಂದ ಅಲ್ಲಿ ಗೇಟು ತೆಗೆಯುವವನು. ಓದು ಬಾರದು, ಬಂದುಹೋದ ಪಂಡಿತರಿಂದ ಕೇಳಿ ಕಲಿತದ್ದು. ಕಳೆದ ತಿಂಗಳು ಹೊರದೇಶದ ರಾಯಭಾರಿಯೊಬ್ಬರು ಬರುತ್ತಾರೆಂದು ಇಸ್ತ್ರಿ ಅಂಗಿ ತೊಟ್ಟು ನಿಂತಿದ್ದ.

"ಅವ್ರದ್ದೂ ಒಂದು ರಾಜ್ಯದ ಮಾತು ಇನ್ನೊಂದಕ್ಕೆ ಒಯ್ಯೋ ಕೆಲ್ಸ ಅಲ್ವೇನ್ರಿ? ಬಂಡೆ ಮೊದ್ಲು ಕ್ಷೇಮ ಕೇಳೋದನ್ನ ನಾನೇ ಹೇಳ್ತೀನಿ. ನೀವು ಇಂಗ್ಲಿಷ್‌ಗೆ ಹಾಕ್ರಿ ಸಾಕು" ಎಂದ. ಚಳ್ಳಕೆರೆಯಿಂದ ದುಭಾಷಿಯಾಗಿ ಹೋಗಿದ್ದ ನಾನು ಒಪ್ಪಿದೆ.

ರಾಯಭಾರಿ ಬಂದಾಗ ದೊಡ್ಡವರೆಲ್ಲ ಮುಂದೆ ನುಗ್ಗಿದರು, ಚಿನ್ನಯ್ಯ ಹಿಂದಾದ. ಇದರಲ್ಲಿ ಮೊದಲು ಏನಿದೆ ಎಂದು ಆಕೆ ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು.

"ಚೆನ್ನಾಗಿದ್ದೀರಾ ಅಂತ ಕೇಳ್ತೈತೆ ತಾಯಿ" ಎಂದ ಚಿನ್ನಯ್ಯ, ಹಿಂದಿನಿಂದ.

ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ, ನನ್ನದೇ ವಿದ್ಯೆ ಎಂಬಂತೆ. ರಾಯಭಾರಿಗಳಾದ ನಮ್ಮ ಕೆಲಸವೂ ಕ್ಷೇಮ ಕೇಳುವುದರಿಂದಲೇ ಶುರು ಎಂದು ಆಕೆ ನನ್ನ ಕೈ ಕುಲುಕಿದರು. ಫೋಟೊದಲ್ಲಿಯೂ ನಾನೇ ಇದ್ದೇನೆ.

ಕಾರುಗಳು ಹೋದ ಮೇಲೆ ಚಿನ್ನಯ್ಯ ಗೇಟು ಹಾಕುತ್ತ ಕೇಳಿದ: "ನಾನು ಅಂದಿದ್ದು ಅಂತ ಹೇಳಿದ್ರಾ?"

"ಹೇಳ್ದೆ."

"ಏನಂದ್ರು?"

"ಖುಷಿಪಟ್ರು."

ಅವನು ನಕ್ಕ. ಸತ್ಯ ನುಡಿಯಬೇಕು ಎಂದೂ ಬರೆದಿರುವ ಬಂಡೆಯ ಎದುರಿಗೇ ಹೇಳಿದ ಸುಳ್ಳು ಅದು. ಪ್ರತಿ ವಾರ ಈ ಅಂಕಣದಲ್ಲಿ ಅಧಿಕಾರಸ್ಥರ ಸುಳ್ಳನ್ನು ಬೈದು ಬರೆಯುವ ನನಗೆ ಆ ನಗು ನೋಡಲಾಗಲಿಲ್ಲ.

ನಿಜ ಹೇಳಲು ನಾಳೆ ಹೋಗುತ್ತೇನೆ. ನೀವೂ ಹೋಗಿ. ಬಂಡೆ ನೋಡುವ ಮೊದಲು, ಗೇಟಿನಲ್ಲಿ ನಿಂತವನನ್ನು ಚೆನ್ನಾಗಿದ್ದೀಯಾ ಎಂದು ಕೇಳಿ.