ಬೀರೂಲಿಟ್ಟ ಗಿಣಿ

ಚನ್ನಪಟ್ಟಣದಲ್ಲಿ ನಾನೂ ನನ್ನೆಂಡ್ತೀನೂ ಮರದ ಗೊಂಬೆ ಮಾಡ್ತಿದ್ವಿ. ಆರ್ಡರು ಇಂಟರ್ನೆಟ್ಟಲ್ಲಿ ಬರಾಕೆ ಶುರುವಾದ್ಮೇಲೆ ಒಂದು ಹಳೇ ಕಂಪ್ಯೂಟರ್ ತಂದೆ. ಅವಳಿಗೆ ಇಂಗ್ಲಿಷ್ ಓದಾಕೆ ಬರಲ್ಲ. ಪರದೆ ಮೇಲೆ ಆರ್ಡರ್ ಕೊಡೋ ಮೂರು ಅಂಗಡಿಗಳ ಸೈಟಿಗೆ ಶಾರ್ಟ್‌ಕಟ್ ಇಟ್ಟಿದ್ದೆ, ಮೂರಕ್ಕೂ ಒಂದೇ ನೀಲಿ ಚಿತ್ರ.

"ಆರ್ಡರ್ ನೋಡಾಕೆ ದಿನಾ ನಿಮ್ಮನ್ನೇ ಕೂಗ್ಬೇಕಾ?" ಅಂತಿದ್ಲು.

ಸೈಟಿನ ಅಡ್ರೆಸ್ ಕೊನೇಲಿ ಫೇವಿಕಾನ್ ಡಾಟ್ ಐಸಿಓ ಅಂತ ಹೊಡುದ್ರೆ ಆ ಸೈಟಿನ ಪುಟಾಣಿ ಚಿತ್ರ ಸಿಗ್ತೈತೆ ಅಂತ ಯಾರೋ ಹೇಳುದ್ರು. ಹೊಡ್ದೆ. ಒಂದಕ್ಕೆ ಗಿಣಿ, ಒಂದಕ್ಕೆ ಆನೆ, ಒಂದಕ್ಕೆ ಕುದುರೆ ಸಿಕ್ತು. ಮೂರನ್ನೂ ಫ್ಲಾಪೀಲಿ ಸೇವ್ ಮಾಡಿ ಶಾರ್ಟ್‌ಕಟ್ಟಿಗೆ ಹಾಕ್ದೆ. ನಲವತ್ತು ದಾಟಿದ್ಮೇಲೆ ಸೇರಿದ್ದ ಕಂಪ್ಯೂಟರ್ ಕ್ಲಾಸಲ್ಲಿ ಫ್ಲಾಪೀನ ಜೋಪಾನ ಮಾಡಿ ಅಂದಿದ್ರು. ಅದ್ಕೇ ಅದನ್ನ ಕಂಪ್ಯೂಟರಿಂದ ತೆಗ್ದು ಬೀರೂಲಿಟ್ಟು ಬೀಗ ಹಾಕ್ದೆ.

ಮಾರ್ನೆ ದಿನ ಪರದೆ ನೋಡುದ್ರೆ ಗಿಣಿ, ಆನೆ, ಕುದುರೆ ಇದ್ದ ಜಾಗದಲ್ಲಿ ಬರೀ ಬಿಳೀ ಹಾಳೆ ಚಿತ್ರ.

"ಗಿಣಿ ಬೀರೂಲಿ ಮೊಟ್ಟೆ ಇಕ್ತೈತೇನೋ, ನೋಡೋಗಿ," ಅಂದ್ಲು.

ಶಾರ್ಟ್‌ಕಟ್ಟು ಚಿತ್ರಾನ ಫ್ಲಾಪಿಯಿಂದ್ಲೇ ತಗೊಳ್ತಿತ್ತು ಅಂತ ಆಗ ಹೊಳೀತು. ಫ್ಲಾಪಿ ತಂದು ಚಿತ್ರಗಳ್ನ ಕಂಪ್ಯೂಟರ್ ಒಳಗೇ ಕಾಪಿ ಮಾಡಿ, ಅಲ್ಲಿಂದ ಮತ್ತೆ ಹಾಕ್ದೆ. ಈ ಸಲ ನಿಂತ್ವು.

ಒಂದಿನ ನಾನು ಬುಗುರಿಗೆ ಅರಗು ಹಚ್ತಾ ಕೂತಿದ್ದೆ. ಒಳಗಿಂದ ಅವಳೇ ಕೂಗುದ್ಲು: "ಗಿಣಿ ಒತ್ತಿದ್ದೀನಿ ಕಣ್ರೀ. ಬುಗುರಿ ಚಿತ್ರದ ಪಕ್ಕ ಇನ್ನೂರು ಅಂತೈತೆ. ಇನ್ನೊಸಿ ಬೇಗ ಕೈ ಆಡ್ಸಿ."