ಸಗಣಿ ಮುಟ್ಟದವಳು

ಇಂಗ್ಲೆಂಡಿನಲ್ಲಿ ಓದು ಮುಗಿಸಿದ ಮೇಲೆ ನಾನು ಅಲ್ಲಿ ಮಾಡಿದ ದೊಡ್ಡ ಕೆಲಸವೆಂದರೆ ಅರ್ಜಿ ಬರೆದದ್ದು. ನಾನು ಓದಿದ್ದು ಪ್ರಾಣಿಗಳ ಆರೈಕೆಯ ಬಗ್ಗೆ. ಹೊರದೇಶದಿಂದ ಬಂದು ಡಿಗ್ರಿ ಮಾಡಿದವರು ಇನ್ನೊಂದು ವರ್ಷ ಅಲ್ಲೇ ಇದ್ದು ಕೆಲಸ ಹುಡುಕಿಕೊಳ್ಳಬಹುದು ಅಂತ ಆಗ ಒಂದು ನಿಯಮವಿತ್ತು. ವರ್ಷದೊಳಗೆ ಕೆಲಸ ಸಿಕ್ಕರೆ ಉಳಿಯಬಹುದು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಆ ವರ್ಷದಲ್ಲಿ ಐದು ತಿಂಗಳನ್ನು ನಾಯಿಗಳ ಆಶ್ರಯ, ಹಾಲಿನ ಡೇರಿ, ಬೆಕ್ಕುಗಳ ಮನೆ ಅಂತ ಕಂಡಕಂಡಲ್ಲಿಗೆ ಬರೆದು ಕಳೆದೆ. ಹೆಚ್ಚಿನವರು ಉತ್ತರವನ್ನೇ ಕೊಡಲಿಲ್ಲ. ಕೊಟ್ಟವರು ನಿಮಗೆ ಒಳ್ಳೆಯದಾಗಲಿ ಎಂದು ಹಾರೈಸಿದರು. ಅಷ್ಟೊಂದು ಜನರ ಹಾರೈಕೆ ಸೇರಿಯೂ ನನಗೇನೂ ಒಳ್ಳೆಯದಾಗಲಿಲ್ಲ.

ಕರೆದದ್ದು ಒಂದೇ ಒಂದು ಜಾಗದವರು. ವಯಸ್ಸಾದ ಕುದುರೆ, ಕತ್ತೆಗಳನ್ನು ಸಾಯುವ ತನಕ ಸಾಕುವ ಒಂದು ತೋಟ ಅದು. ಅಲ್ಲಿನ ಯಜಮಾನಿ ಪ್ರಶ್ನೆಗಿಶ್ನೆ ಕೇಳದೆ ಕೈಗೆ ಸಲಿಕೆ ಕೊಟ್ಟು ಕೊಟ್ಟಿಗೆ ತೋರಿಸಿದಳು. ಅರ್ಧ ದಿನ ಲದ್ದಿ ಬಾಚಿದೆ, ಹುಲ್ಲು ಹಾಸಿದೆ, ಒಂದು ಕುರುಡು ಕತ್ತೆಯ ಗೊರಸಿನ ಮಣ್ಣು ಕೆರೆದೆ. ಕೆರೆಯುವಾಗ ಅದು ತನ್ನ ಗದ್ದವನ್ನು ನನ್ನ ಹೆಗಲ ಮೇಲಿಟ್ಟು ನಿಂತಿತು. ಪರದೇಶದಲ್ಲಿ ಎರಡು ವರ್ಷ ಯಾರೂ ನನ್ನ ಹೆಗಲ ಮೇಲೆ ಕೈಯಿಟ್ಟಿರಲಿಲ್ಲ. ನನಗೆ ಅಳು ಬಂತು. ಈ ಕೆಲಸ ಸಿಕ್ಕರೆ ಸಾಕು, ಬೇರೇನೂ ಬೇಡ ಅನ್ನಿಸಿತು.

ಯಜಮಾನಿಗೂ ನಾನು ಹಿಡಿಸಿದ್ದೆ. ಉಳಿದದ್ದು ಒಂದೇ ಕೆಲಸ. ನಾನು ಹಿಂದೆ ಯಾರ ಕೈಕೆಳಗೆ ಪ್ರಾಣಿಗಳ ಚಾಕರಿ ಮಾಡಿದ್ದೆನೋ ಅವರ ಜೊತೆ ಫೋನಿನಲ್ಲಿ ಮಾತಾಡಬೇಕು ಎಂದಳು. ಅಲ್ಲಿ ಹಾಗೆ ಪದ್ಧತಿ. ಸರಿ ಎಂದು ಸಂಡೂರು ರಸ್ತೆಯ ಪಶು ಆಸ್ಪತ್ರೆಯ ನಂಬರು ಕೊಟ್ಟೆ. ಇಂಗ್ಲೆಂಡಿನ ಖರ್ಚಿಗೆ ಹೆದರಿ ಎರಡು ತಿಂಗಳಿಗೆಂದು ಹೊಸಪೇಟೆಯ ನಮ್ಮ ಮನೆಗೆ ಬಂದೆ.

ಆ ಆಸ್ಪತ್ರೆ ಯಾವ ಹಳ್ಳಿಯದು ಎಂದು ಹೇಳುವುದು ಬೇಡ. ಎರಡು ಕೋಣೆ, ಮುಂದೊಂದು ಬೇವಿನ ಮರ, ಮರದ ಕೆಳಗೆ ದನ ಕಟ್ಟಿ ನಿಲ್ಲಿಸುವ ಕಬ್ಬಿಣದ ಚೌಕಟ್ಟು. ಅದಿರಿನ ಟಿಪ್ಪರುಗಳು ಒಂದರ ಹಿಂದೊಂದು ಹೋಗುತ್ತಿದ್ದರಿಂದ ಗೋಡೆ ಕೆಂಪು, ಬೇವಿನ ಎಲೆ ಕೆಂಪು, ಬಿಳಿ ಎತ್ತು ಬಂದರೆ ಅದೂ ಕೆಂಪು. ಇಂಗ್ಲೆಂಡಿಗೆ ಹೋಗುವ ಮುಂಚೆ, ಬಿ.ಎಸ್ಸಿ. ಮುಗಿಸಿಕೊಂಡು, ಎರಡು ವರ್ಷ ನಾನು ದಿನಾ ಬಸ್ಸಿನಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ಮೊದಮೊದಲು ಸುಮ್ಮನೆ ನೋಡಲು. ಆಮೇಲೆ ಗುಡಿಸುತ್ತಿದ್ದ ದಿನಗೂಲಿಯವನು ಗಣಿಯಲ್ಲಿ ಲಾರಿ ತೂಗುವ ಕಾಟಾದ ಹತ್ತಿರ ಚೀಟಿ ಬರೆಯಲು ಹೋದ. ಅವನ ಬದಲು ಬಂದವನೂ ತಿಂಗಳೊಳಗೆ ಅದೇ ದಾರಿ ಹಿಡಿದ. ಊರಿಗೆ ಊರೇ ಗುಡ್ಡದ ಕಡೆ ಓಡುತ್ತಿದ್ದಾಗ ಎಮ್ಮೆಯ ಬಾಲ ಹಿಡಿದುಕೊಂಡು ಯಾರು ನಿಲ್ಲುತ್ತಾರೆ? ಉಳಿದವಳು ನಾನು. ಸಗಣಿ ಬಾಚಿದೆ, ಗಾಯದ ಹುಳ ಆರಿಸಿದೆ, ಟಿಪ್ಪರ್ ತಾಗಿ ಕೊಂಬು ಮುರಿದುಕೊಂಡ ಎತ್ತುಗಳ ತಲೆ ಹಿಡಿದು ಕೂತೆ. ಡಾಕ್ಟರ ಕೈ ಮೊರದಷ್ಟು ಅಗಲ, ನನ್ನದು ಸಣ್ಣದು. ಹಾಗಾಗಿ ಕುರಿಯೋ ಮೇಕೆಯೋ ಹೆರಲಾರದೆ ಒದ್ದಾಡುತ್ತಿದ್ದರೆ, “ಬಾರವ್ವಾ, ನಿನ್ನ ಕೈ ಬೇಕು” ಅಂತ ಅವರು ನನ್ನನ್ನೇ ಕರೆಯುತ್ತಿದ್ದರು.

ಅವರು ಸರ್ಕಾರಿ ಡಾಕ್ಟರು, ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗುವವರು. ನನಗೆ ಆ ಕೆಲಸ ಕಲಿಸಿದವರು ಅವರೇ. ನನ್ನ ಬಗ್ಗೆ ಅವರಿಗಿಂತ ಚೆನ್ನಾಗಿ ಹೇಳಬಲ್ಲವರು ಇನ್ನೊಬ್ಬರಿಲ್ಲ ಎಂದು ನಾನು ನಿಶ್ಚಿಂತೆಯಿಂದಿದ್ದೆ.

ಆದರೆ ಒಂದು ಸುಳ್ಳು ಹೇಳಿದ್ದೆ. ಅಪ್ಪನಿಗೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇತ್ತು. ಬುಕ್ಕಸಾಗರದ ಕಡೆಯಿಂದ ಭತ್ತ ತರುವವರು, ಅಕ್ಕಿ ಒಯ್ಯುವ ವ್ಯಾಪಾರಿಗಳು, ಎಲ್ಲರೂ ಮಗಳು ಪರದೇಶದಾಗ ಏನು ಮಾಡ್ತಾಳ ಎಂದು ಅವನನ್ನು ಕೇಳುತ್ತಿದ್ದರು. ನಾನು ಬಂದ ದಿನ ಅವನು ಊಟಕ್ಕೆ ಕೂತಾಗ ಕೇಳಿದ.

“ಕೆಲಸ ಎಂಥಾದ್ದವ್ವಾ?”

“ಆಫೀಸರ್, ಅಪ್ಪಾ. ಪ್ರಾಣಿಗಳ ಆಫೀಸರ್.”

“ಕೈಕೆಳಗ ಮಂದಿ ಇರ್ತಾರೇನು?”

“ಇರ್ತಾರ. ಹದಿನೈದು ಮಂದಿ.”

ನನ್ನ ಕೈಕೆಳಗೆ ಇರಬೇಕಾಗಿದ್ದದ್ದು ಹನ್ನೊಂದು ಕತ್ತೆ, ನಾಲ್ಕು ಮುದಿ ಕುದುರೆ. ಲೆಕ್ಕ ಸರಿಯಾಗಿಯೇ ಇತ್ತು, ಅಷ್ಟರ ಮಟ್ಟಿಗೆ ನಾನು ಪ್ರಾಮಾಣಿಕಳು. ಲದ್ದಿ ಬಾಚಲು ನನಗೆ ಯಾವತ್ತೂ ನಾಚಿಕೆ ಇರಲಿಲ್ಲ. ಬಾಚುತ್ತೇನೆ ಎಂದು ಅಪ್ಪನ ಎದುರಿಗೆ ಹೇಳಲು ಇತ್ತು. ಎರಡು ವರ್ಷ ಆಸ್ಪತ್ರೆಗೆ ಹೋದಾಗಲೂ ನಾನು ಮನೆಯಲ್ಲಿ ಹೇಳಿದ್ದು ಡಾಕ್ಟರ ಹತ್ತಿರ ರಿಜಿಸ್ಟರ್ ಬರೆಯುತ್ತೇನೆ ಅಂತಲೇ. ಮೈಗೆ ವಾಸನೆ ಬರುತ್ತಿದ್ದರೆ ಬಸ್ಸಿನಲ್ಲಿ ಕುರಿ ಹತ್ತಿಸಿದ್ದರು ಎನ್ನುತ್ತಿದ್ದೆ.

ಅಪ್ಪ ಸುಮ್ಮನಿರುವವನಲ್ಲ. ನಾನು ಆಸ್ಪತ್ರೆಗೆ ಹೋಗುವ ಮುಂಚೆಯೇ ಅವನು ಪೇಡೆ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ, ನಮ್ಮ ಹುಡುಗಿ ಆಫೀಸರ್ ಆಗ್ತಾಳ್ರಿ, ಎಲ್ಲಾ ನಿಮ್ಮ ಆಶೀರ್ವಾದ, ಎಂದು ಹೇಳಿ ಬಂದಿದ್ದ. ನನಗದು ಗೊತ್ತಾದದ್ದು ಫೋನ್ ಬರಬೇಕಿದ್ದ ದಿನ, ಡಾಕ್ಟರ ಮೇಜಿನ ಮೇಲೆ ಪೇಡೆ ಡಬ್ಬಿ ನೋಡಿ ಕೇಳಿದಾಗ. ಪೇಡೆ ಮುಗಿಸಿ ಅವರು ಅದರಲ್ಲಿ ಸೂಜಿಗಳನ್ನು ತುಂಬಿಸಿಟ್ಟಿದ್ದರು.

ಮಧ್ಯಾಹ್ನ ಮೂರೂವರೆಗೆ ಫೋನ್ ಬರುವುದಿತ್ತು. ನಾನು ಮೂರಕ್ಕೇ ಹೋಗಿ ಅವರ ಎದುರಿನ ಸ್ಟೂಲಿನ ಮೇಲೆ ಕೂತೆ. ಡಾಕ್ಟರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು.

“ನನ್ನ ಕೆಲಸದ ಬಗ್ಗೆ ಕೇಳ್ತಾರ ಸರ್. ಇದ್ದದ್ದು ಇದ್ದಂಗ ಹೇಳಿಬಿಡ್ರಿ” ಎಂದೆ.

“ನನಗ ಕಲಿಸ್ತೀಯೇನವ್ವಾ? ಎಷ್ಟು ಮಂದಿಗೆ ಕ್ಯಾರೆಕ್ಟರ್ ಸರ್ಟಿಫಿಕೇಟ್ ಕೊಟ್ಟೀನಿ ನಾನು. ಸುಮ್ಮ ಕುಂದ್ರು” ಎಂದರು.

ಆಗಲೇ ಬಿಡಿಸಿ ಹೇಳಬೇಕಿತ್ತು. ಸರ್, ಅದು ಆಫೀಸರ್ ಕೆಲಸ ಅಲ್ಲ, ಕೊಟ್ಟಿಗೆ ಕೆಲಸ ಎಂದರೆ ಮುಗಿಯುತ್ತಿತ್ತು. ಹೇಳುವ ಬದಲು ಪೇಡೆ ಡಬ್ಬಿಯ ಮುಚ್ಚಳ ಸರಿ ಮಾಡಿದೆ. ಅಷ್ಟರಲ್ಲಿ ಫೋನ್ ರಿಂಗಾಯಿತು.

ಡಾಕ್ಟರು ಎದ್ದು ನಿಂತು ಮಾತಾಡಿದರು. ಅವರ ಇಂಗ್ಲಿಷ್ ಕಚೇರಿಯ ಕಾಗದದ ಇಂಗ್ಲಿಷ್, ಆದ್ದರಿಂದ ಕನ್ನಡದಲ್ಲೂ ಅದನ್ನು ಹಾಗೆಯೇ ಬರೆಯಬೇಕಾಗುತ್ತದೆ. ಸದರಿಯವರು ಅತ್ಯಂತ ಗೌರವಸ್ಥ ಮನೆತನದವರು ಎಂದರು. ಇವರ ತಂದೆ ಗಿರಣಿಯ ಮಾಲೀಕರು ಎಂದರು. ಆ ಕಡೆಯಿಂದ ಯಜಮಾನಿ ಏನೋ ಕೇಳಿದಳು. ಡಾಕ್ಟರು ನಕ್ಕರು. ಇಲ್ಲ ಇಲ್ಲ, ಮೇಡಂ, ಸಗಣಿ ಗಂಜಲ ಮುಂತಾದ ಕೆಲಸಗಳಿಗೆ ನಮ್ಮಲ್ಲಿ ಪ್ರತ್ಯೇಕ ಸಿಬ್ಬಂದಿ ಇದ್ದರು, ಸದರಿಯವರಿಗೆ ಅಂಥ ಕೆಲಸವನ್ನು ನಾನು ಒಂದು ದಿನವೂ ಕೊಟ್ಟಿಲ್ಲ, ಎಂದರು. ಅವಳು ಮತ್ತೆ ಕೇಳಿದಳು. ಪ್ರಾಣಿಗಳನ್ನು ಮುಟ್ಟುವ ಪ್ರಮೇಯವೇ ಬರಲಿಲ್ಲ, ಸದರಿಯವರಿಗೆ ಕುರ್ಚಿ, ಮೇಜು, ಫ್ಯಾನು ಒದಗಿಸಲಾಗಿತ್ತು, ಎಂದರು.

ಫ್ಯಾನು ಎನ್ನುವಾಗ ಮೇಲಕ್ಕೆ ನೋಡಿದರು. ಅಲ್ಲಿ ಫ್ಯಾನ್ ಹಾಕುವ ಕೊಕ್ಕೆಯಷ್ಟೇ ಇತ್ತು.

ನಾನು ಕೈ ಬೀಸಿದೆ, ತಲೆ ಅಲ್ಲಾಡಿಸಿದೆ. ನನಗೆ ಸಂಕೋಚ ಎಂದುಕೊಂಡು ಅವರು ಇನ್ನೂ ಎರಡು ಮಾತು ಹೆಚ್ಚಿಗೆ ಹೊಗಳಿದರು. ಅಷ್ಟು ವಯಸ್ಸಿನವರ ಕೈಯಿಂದ ಫೋನ್ ಕಿತ್ತುಕೊಳ್ಳುವುದು ನನ್ನಿಂದಾಗಲಿಲ್ಲ. ಡಾಕ್ಟರು ರಿಸೀವರ್ ಇಟ್ಟು ಮುಖ ಒರೆಸಿಕೊಂಡು ಕೂತರು.

“ಹೆಂಗ ಹೇಳಿದೆ? ಇನ್ನ ನಿನ್ನ ಯಾರೂ ಹಗುರ ತಿಳಿಯಂಗಿಲ್ಲ.”

“ಭಾಳ ಚಲೋ ಹೇಳಿದ್ರಿ ಸರ್” ಎಂದೆ.

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಅವರ ಮೇಲೆ ಸಿಟ್ಟು ಬಂತು, ಅಪ್ಪನ ಮೇಲೆ ಬಂತು, ಟಿಪ್ಪರುಗಳ ಮೇಲೆ ಬಂತು. ನನ್ನ ಮೇಲೆ ಬಂದದ್ದು ಎಲ್ಲಕ್ಕಿಂತ ತಡವಾಗಿ. ಮನೆ ಮುಟ್ಟುವ ಹೊತ್ತಿಗೆ ಸಿಟ್ಟು ಮಾಡುವುದಕ್ಕೂ ಶಕ್ತಿ ಇರಲಿಲ್ಲ.

ನಾಲ್ಕು ದಿನಕ್ಕೆ ಯಜಮಾನಿಯ ಇ-ಮೇಲ್ ಬಂತು. ಹೊಸಪೇಟೆ ಬಸ್ ಸ್ಟ್ಯಾಂಡಿನ ಹಿಂದಿದ್ದ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಓದಿದೆ. ಅವಳು ಕೆಟ್ಟವಳಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಒಳ್ಳೆಯವಳು. ನಿಮ್ಮ ಅರ್ಜಿಯಲ್ಲಿ ಎರಡು ವರ್ಷ ಪ್ರಾಣಿಗಳನ್ನು ಕೈಯಾರೆ ನೋಡಿಕೊಂಡೆ ಎಂದಿದೆ, ಡಾಕ್ಟರು ಮುಟ್ಟಿಯೇ ಇಲ್ಲ ಎನ್ನುತ್ತಾರೆ, ಎರಡರಲ್ಲಿ ಒಂದು ತಪ್ಪಿರಬೇಕು, ಎಂದು ಬರೆದಿದ್ದಳು. ನಿಮ್ಮನ್ನು ನಮ್ಮ ಕೊಟ್ಟಿಗೆಯಲ್ಲಿ ನೋಡಿದ್ದರಿಂದ ನನಗೆ ನಂಬಿಕೆ ಇದೆ, ಆದರೆ ತೋಟಕ್ಕೆ ಹಣ ಕೊಡುವ ಮಂಡಳಿಯವರು ಒಪ್ಪಬೇಕಲ್ಲ, ಶುಕ್ರವಾರದೊಳಗೆ ಡಾಕ್ಟರಿಂದ ಇನ್ನೊಮ್ಮೆ ಸರಿಯಾಗಿ ಹೇಳಿಸಿದರೆ ಕೆಲಸ ನಿಮ್ಮದೇ, ಎಂದಿದ್ದಳು.

ಎಷ್ಟು ಸುಲಭ. ಆಸ್ಪತ್ರೆಗೆ ಹೋಗುವುದು, ಸರ್, ನಾನು ಸಗಣಿ ಬಾಚಿದ್ದೇನೆ ಎಂದು ಹೇಳಿಬಿಡ್ರಿ, ಎನ್ನುವುದು. ಡಾಕ್ಟರು ಯಾಕೆ ಎನ್ನುತ್ತಾರೆ. ಕೆಲಸವೇ ಅದು ಎನ್ನಬೇಕು. ಅದು ಅಪ್ಪನ ಕಿವಿಗೆ ಬೀಳುತ್ತದೆ. ಬೀಳಲಿ. ಬೈಯಲಿ. ಗುರುವಾರ ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ.

ಬೇವಿನ ಮರದ ಕೆಳಗೆ ಒಂದು ಕುರಿ ಮಲಗಿತ್ತು. ಚೋರನೂರು ಕಡೆಯ ಒಬ್ಬ ಮುದುಕ ಅದರ ತಲೆ ಹಿಡಿದು ಕೂತಿದ್ದ. ಡಾಕ್ಟರು ಹಿಂದೆ ಮಂಡಿಯೂರಿದ್ದರು. ಕುರಿಯ ಉಣ್ಣೆಯೆಲ್ಲ ರಸ್ತೆಯ ಕೆಂಪು. ಬೆಳಗಿನಿಂದ ನೋವು ತಿನ್ನುತ್ತಿದೆ, ಮರಿಯ ಮೂತಿ ಕಾಣುತ್ತಿದೆ, ಈಚೆಗೆ ಬರುತ್ತಿಲ್ಲ ಎಂದು ಮುದುಕ ಹೇಳಿದ. ಡಾಕ್ಟರು ತಲೆಯೆತ್ತಿ ನನ್ನನ್ನು ನೋಡಿದರು.

“ಬಂದೇನವ್ವಾ? ದೇವರೇ ಕಳಿಸಿದಂಗಾತು. ಜಲ್ದಿ ಬಾ, ನಿನ್ನ ಕೈ ಬೇಕು.”

ಬಳೆ ತೆಗೆದು ಚೀಲದಲ್ಲಿ ಹಾಕಿದೆ. ಮೊಣಕೈ ತನಕ ಸೋಪು ಹಚ್ಚಿದೆ. ಒಳಗೆ ಬೆರಳು ಹೋಗುತ್ತಲೇ ಗೊತ್ತಾಯಿತು, ಮರಿಯ ಒಂದು ಕಾಲು ಮುಂದಕ್ಕೆ ಬಂದಿದೆ, ಇನ್ನೊಂದು ಹಿಂದಕ್ಕೆ ಮಡಚಿಕೊಂಡಿದೆ. ಕುರಿ ತಿಣುಕಿದಾಗಲೆಲ್ಲ ನನ್ನ ಕೈಮೂಳೆ ಹಿಂಡಿದಂತಾಗುತ್ತಿತ್ತು. ತಿಣುಕು ನಿಂತಾಗ ಮರಿಯ ತಲೆಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿ, ಮೊಣಕಾಲು ಹುಡುಕಿ, ಗೊರಸು ಒಳಗೆ ಗೀರದಂತೆ ಅಂಗೈಯಲ್ಲಿ ಮುಚ್ಚಿ ಹಿಡಿದು ಮುಂದಕ್ಕೆ ತಂದೆ. ಇದನ್ನು ಹೀಗೆ ಮಾಡಬೇಕು ಎಂದು ಕಲಿಸಿದವರು ಪಕ್ಕದಲ್ಲೇ ಇದ್ದರು. ಹೇಳುವ ಅಗತ್ಯ ಬೀಳಲಿಲ್ಲ. ಮರಿ ಜಾರಿ ನನ್ನ ಮಡಿಲಿಗೇ ಬಿತ್ತು. ಮುದುಕ ಅದರ ಮೂಗಿನ ಲೋಳೆ ತೆಗೆದು ಊದಿದ. ಮರಿ ಸೀನಿತು.

ಆ ಗಳಿಗೆಯಲ್ಲಿ ನನ್ನಷ್ಟು ಸುಖಿ ಆ ರಸ್ತೆಯ ಮೇಲೆ ಯಾರೂ ಇರಲಿಲ್ಲ. ಈಗ ಹೇಳಿಬಿಡಬೇಕು ಎಂದುಕೊಂಡೆ. ನನ್ನ ಕೈ ನೋಡ್ರಿ ಸರ್, ಇದನ್ನೇ ಅವರಿಗೆ ಹೇಳ್ರಿ ಎಂದರೆ ಸಾಕು.

ಡಾಕ್ಟರು ತಂಬಿಗೆಯಲ್ಲಿ ನೀರು ತಂದು ನನ್ನ ಕೈಗೆ ಸುರಿಯತೊಡಗಿದರು. ಅವರು ಯಾರ ಕೈಗೂ ನೀರು ಹಾಕಿದ್ದನ್ನು ನಾನು ನೋಡಿರಲಿಲ್ಲ.

“ತಿಕ್ಕಿ ತೊಳಿ. ಇದಾ ಕಡೀದು” ಎಂದರು. “ಮೂವತ್ತು ವರ್ಷ ಆತು ನನ್ನ ಕೈಗೆ ಈ ವಾಸನಿ ಹತ್ತಿ. ನನ್ನ ಮಕ್ಕಳು ನನ್ನ ಬಾಜೂಕ ಕುಂತು ಉಂಡಿಲ್ಲ. ನೀ ಬರ್ತಿದ್ದಾಗ ದಿನಾ ಅನಿಸ್ತಿತ್ತು, ಮಂದಿ ಮನಿ ಹೆಣ್ಮಗಳಿಗೆ ಇಂಥಾ ಕೆಲಸ ಹಚ್ಚೀನಲ್ಲ ಅಂತ. ಯಾರ ಮುಂದೂ ಹೇಳಿಲ್ಲ. ಅವತ್ತು ನಿಮ್ಮಪ್ಪ ಬಂದು ಆಫೀಸರ್ ಆಗ್ತಾಳ ಅಂದಾಗ ನನ್ನ ತಲಿ ಮ್ಯಾಲಿನ ಭಾರ ಇಳೀತು ನೋಡು. ಇನ್ನ ಇದೆಲ್ಲಾ ತಪ್ಪಿತು ಬಿಡವ್ವಾ ನಿನಗ.”

ನೀರು ಮುಗಿಯುವ ತನಕ ನಾನು ಕೈ ತಿಕ್ಕುತ್ತಲೇ ಇದ್ದೆ.

“ಏನರ ಕೆಲಸಿತ್ತೇನು ಬಂದದ್ದು?” ಎಂದು ಕೇಳಿದರು.

“ಏನಿಲ್ಲ ಸರ್. ಸುಮ್ಮನ ಬಂದೆ” ಎಂದೆ.

ಚಹಾ ತರಿಸಿದರು, ಕುಡಿದೆ. ಬಸ್ಸು ಬಂತು, ಹತ್ತಿದೆ. ಮೂವತ್ತು ವರ್ಷ ಈ ಕೆಲಸ ಮಾಡಿದ ಮನುಷ್ಯ ಅದನ್ನು ನನ್ನ ಕೈಯಿಂದ ತೊಳೆದು ಕಳಿಸಿದ್ದರು. ಅದೇ ಕೆಲಸ ಬೇಡಿಕೊಂಡು ಊರೂರು ಅಲೆಯುತ್ತಿದ್ದೇನೆ ಎಂದು ಅವರಿಗೆ ಹೇಗೆ ಹೇಳಲಿ? ಹೇಳಿದರೆ, ಫೋನಿನಲ್ಲಿ ಅವರು ಆಡಿದ ಮಾತು ಸುಳ್ಳೆಂದು ಅವರ ಬಾಯಿಂದಲೇ ಒಬ್ಬ ಪರದೇಶದ ಹೆಂಗಸಿಗೆ ಹೇಳಿಸಬೇಕು. ಹೇಳದಿದ್ದರೆ ಆ ಕುರುಡು ಕತ್ತೆಯ ಗೊರಸನ್ನು ಇನ್ನೊಬ್ಬರು ಕೆರೆಯುತ್ತಾರೆ. ಹೊಸಪೇಟೆ ಬರುವ ತನಕ ಇದನ್ನೇ ತಿರುವಿ ಮುರುವಿ ಹಾಕಿ ಸಾಕಾಗಿ ಹೋಯಿತು. ಬೇರೆ ದಾರಿ ಇದ್ದಿರಬಹುದು. ದಣಿದವರಿಗೆ ಕಾಣುವ ದಾರಿಗಳು ಕಡಿಮೆ.

ಮನೆಗೆ ಹೋಗದೆ ನೇರ ಇಂಟರ್ನೆಟ್ ಅಂಗಡಿಗೆ ಹೋದೆ. ಪಕ್ಕದ ಕುರ್ಚಿಯಲ್ಲಿ ಬಿಳಿ ಪ್ಯಾಂಟು, ಬಿಳಿ ಶರ್ಟಿನ ಒಬ್ಬರು ಅದಿರಿಗೆ ಚೀನಾದ ರೇಟು ನೋಡುತ್ತಿದ್ದರು. ನಾನು ಯಜಮಾನಿಗೆ ಬರೆದೆ. ಡಾಕ್ಟರು ಹೇಳಿದ್ದೇ ಸರಿ, ಅರ್ಜಿಯಲ್ಲಿ ನಾನು ಇಲ್ಲದ್ದನ್ನು ಬರೆದುಕೊಂಡಿದ್ದೆ, ನಾನು ಯಾವತ್ತೂ ಪ್ರಾಣಿಗಳನ್ನು ಮುಟ್ಟಿದವಳಲ್ಲ, ದಯವಿಟ್ಟು ಕ್ಷಮಿಸಿ.

ಕಳಿಸುವ ಮುಂಚೆ ಒಂದು ಸಲ ಓದಿಕೊಳ್ಳುತ್ತಿದ್ದೆ. ಪಕ್ಕದವರು ಎರಡು ಸಲ ಮೂಸಿ ನೋಡಿದರು, ನನ್ನ ಕಡೆ ತಿರುಗಿದರು, ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ಎದ್ದು, ಅಂಗಡಿಯವನಿಗೆ ಬೇರೆ ಕಂಪ್ಯೂಟರ್ ಕೊಡು ಎಂದರು.