ಹೂಂ ನಿಂತರೆ ಕಥೆ ನಿಂತಿತು

ನಮ್ಮ ಮನೆಯಲ್ಲಿ ಕಥೆಗೊಂದು ಕಟ್ಟಳೆ ಇತ್ತು. ಹೇಳುವವರು ಹೇಳುತ್ತಿದ್ದರೆ ಕೇಳುವವರು ‘ಹೂಂ’ ಅನ್ನುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ಅತ್ತೆ ಕಲಬುರಗಿಯಿಂದ ತಂದ ಈ ಕಟ್ಟಳೆಯನ್ನು ತೆಲುಗು ನಾಡಿನ ತಾರ್ನಾಕದ ಬಾಡಿಗೆ ಮನೆಯಲ್ಲಿ ನಾನು ಪುಸ್ತಕ ಓದುವುದಕ್ಕೂ ಹಚ್ಚಿದ್ದೆ. ಮಗಳು ಹೂಂ ಮರೆತರೆ ಪಟ್ಟನೆ ಪುಸ್ತಕ ಮುಚ್ಚುತ್ತಿದ್ದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

ಎರಡನೇ ಕ್ಲಾಸಿನ ಹುಡುಗಿ. ಶಾಲೆಯಲ್ಲಿ ಕನ್ನಡವಿಲ್ಲ, ಅಕ್ಷರ ನಾನೇ ಕಲಿಸಿದ್ದೆ, ಕೂಡಿಸಿ ಓದಲೂ ಬರುತ್ತಿತ್ತು. ಆದರೆ ಪುಸ್ತಕ ಕೈಗೆ ಕೊಟ್ಟರೆ “ನೀನ ಓದು ಮಮ್ಮಿ” ಎಂದು ನನ್ನ ಮಡಿಲಿಗೇ ವಾಪಸು ಹಾಕುತ್ತಿದ್ದಳು. ಮುದ್ದು ಮಾಡಿದೆ, ಬೈದೆ, ಬಿಸ್ಕತ್ತಿನ ಆಸೆ ತೋರಿಸಿದೆ. ಬಿಸ್ಕತ್ತು ತಿಂದಳು, ಓದಲಿಲ್ಲ.

ಗಚ್ಚಿಬೌಲಿಯಲ್ಲಿ ನೋಡನೋಡುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಅಂಥದ್ದೇ ಒಂದರಲ್ಲಿ ಕೆಲಸಕ್ಕಿದ್ದ ನನಗೆ ಸಂಜೆಯ ಶಿಫ್ಟ್ ಬಿತ್ತು. ರಾತ್ರಿ ಓದಿ ಹೇಳಲು ಇನ್ನು ನಾನಿರುವುದಿಲ್ಲ, ಇವಳು ತಾನಾಗಿ ಓದುವುದಿಲ್ಲ. ಅವಳ ಕನ್ನಡ ಇಲ್ಲಿಗೇ ಮುಗಿಯಿತು ಎಂದು ನನಗೆ ನಿಜಕ್ಕೂ ಅಳು ಬಂತು.

ಮೊದಲ ದಿನ ಹೊರಡುವ ಮುಂಚೆ, ಬಸ್ಸು ಹತ್ತಿದ ಆಡಿನ ಕಥೆ ಓದುತ್ತಿದ್ದೆ. ಕಂಡಕ್ಟರ್ ಬಂದು ಆಡಿಗೆ ಟಿಕೆಟ್ ಕೇಳಿದ, ಅಷ್ಟರಲ್ಲಿ ಕೆಳಗೆ ಆಫೀಸಿನ ಕ್ಯಾಬ್ ಹಾರ್ನ್ ಹೊಡೆಯಿತು. ಪುಸ್ತಕ ಅಲ್ಲೇ ಬಿಟ್ಟು ಓಡಿದೆ.

ಮರುದಿನ ಅವಳು ಶಾಲೆಯಿಂದ ಬಂದಾಗ, “ಬಾ, ಆಡಿನ ಕಥೆ ಮುಗಸೋಣು” ಎಂದೆ.

“ಅದು ಮುಗದೈತಿ. ಆಡು ಟಿಕೆಟ್ ತಿಂದಬಿಡ್ತು.”

“ಯಾರು ಓದಿದ್ರು?” ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ.

ಅಡುಗೆಮನೆಯಿಂದ ಅತ್ತೆಯೇ ಹೇಳಿದರು: “ಅಕೀನ ಓದ್ಯಾಳ. ಆಡಿಂದು ಏನಾತೋ ಅಂತ ನನಗ ಜೀವ ತಡೀಲಿಲ್ಲ. ನೀ ಓದವ್ವಾ, ನಾ ಹೂಂ ಅಂತೀನಿ ಅಂದೆ. ಭಾಳ ಚಂದ ಓದತಾಳ.”

ಖುಷಿಗೆ ಮಗಳನ್ನು ಎತ್ತಿಕೊಂಡು ಮುದ್ದಾಡಿಬಿಟ್ಟೆ. ಹೊಸ ಪುಸ್ತಕ ತೆಗೆದರೆ ನನ್ನ ಕೈಯಿಂದ ಕಿತ್ತುಕೊಂಡಳು. “ನೀ ಅಡ್ಡಾಗು, ನಾ ಓದತೀನಿ. ಹೂಂ ಅನ್ನಬೇಕು ಮತ್ತ!”

ಬೆರಳಿಟ್ಟು ಒಂದೊಂದೇ ಮಾತು ಕೂಡಿಸಿ ಓದಿದಳು. ಹಾಲಿನ ಚರಿಗೆಯಲ್ಲಿ ತಲೆ ಸಿಕ್ಕಿಸಿಕೊಂಡ ಬೆಕ್ಕೊಂದು ಹಾಗೇ ಮದುವೆಮನೆಗೆ ನುಗ್ಗಿತು. ನಿದ್ದೆಗೆಟ್ಟಿದ್ದ ನನಗೆ ಆ ಸುಖದಲ್ಲೇ ಕಣ್ಣು ಮುಚ್ಚಿತು.

ಪಟ್ಟನೆ ಪುಸ್ತಕ ಮುಚ್ಚಿದ ಸಪ್ಪಳ. “ಹೂಂ ಎಲ್ಲಿ? ಇನ್ನ ನಾಳೆ.”

ದಡಕ್ಕನೆ ಎದ್ದು ಕುಳಿತೆ. ಆ ಕಥೆ ನಾನೂ ಓದಿರಲಿಲ್ಲ. “ಏ ನಮ್ಮವ್ವಾ, ಕೈ ಮುಗೀತೀನಿ, ಬೆಕ್ಕಿಂದು ಏನಾತು ಹೇಳು!”

ಅವಳು ಮುಚ್ಚಿದ ಪುಸ್ತಕದ ಮೇಲೆ ಎರಡೂ ಕೈ ಇಟ್ಟು ಕುಳಿತಳು. ಆಗ ಅಡುಗೆಮನೆಯಿಂದ ಅತ್ತೆ ಗಟ್ಟಿಯಾಗಿ ‘ಹೂಂ’ ಎಂದರು. ಪುಸ್ತಕ ಮತ್ತೆ ತೆರೆಯಿತು.